ಕಡಲತಡಿಯಲ್ಲಿ ಕ್ಯಾಮೆರಾ

ಶಿವರಾತ್ರಿಗೆ ಚಳಿಯು ‘ಶಿವ ಶಿವಾ’ ಎಂದು ಓಡಿಹೋಗುತ್ತದೆಂಬುದು ನಮ್ಮ ಹಿರಿಯರ ಮಾತು. ಅಲ್ಲಿಂದ ಯುಗಾದಿಯ ಆಚೀಚಿನವರೆಗಿನ ಕೆಲವು ವಾರಗಳನ್ನು ಬೇಸಿಗೆಯ ಬಾಲ್ಯವೆಂದು ಕರೆಯಬಹುದು. ಬಿಸಿಲು ಬಂದಿರುತ್ತದೆ, ಆದರೆ ಬಲಿತಿರುವುದಿಲ್ಲ. ಗೇರುಮರಗಳಲ್ಲಿ ಹೂವೂ ಕಾಯಿಯೂ ಒಟ್ಟಿಗೆ ಕಾಣುತ್ತವೆ. ಮಳೆಗಾಲದಲ್ಲಿ ದಡವನ್ನೇ ನುಂಗುವಂತೆ ಮೊರೆಯುತ್ತಿದ್ದ ಅರಬ್ಬೀ ಸಮುದ್ರವು ಈ ದಿನಗಳಲ್ಲಿ ಸಾಧುವಾದ ಹಸುವಿನಂತೆ ಮಲಗಿರುತ್ತದೆ. ಕಡಲತಡಿಗೆ ಹೊರಸಂಚಾರ ಹೊರಡಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಹಾಗೆ ಹೊರಟವರ ಹೆಗಲಲ್ಲಿ ಒಂದು ಕ್ಯಾಮೆರಾ ಇದ್ದರಂತೂ ಅವರು ನೋಡುವ ರೀತಿಯೇ ಬದಲಾಗುತ್ತದೆ. ಬರಿಗಣ್ಣಿಗೆ ‘ಒಂದಷ್ಟು ಹಕ್ಕಿಗಳು’ ಎಂದು ತೋರಿದ್ದು, ಚಿತ್ರ ತೆಗೆಯಹೊರಟವನಿಗೆ ಬೇರೆಬೇರೆ ಬಣ್ಣ, ಕೊಕ್ಕು, ನಡಿಗೆಗಳ ಹತ್ತು ಜಾತಿಗಳಾಗಿ ಕಾಣತೊಡಗುತ್ತದೆ.

ಪ್ರಾಣಿಗಳನ್ನು ಅವುಗಳ ಮನೆಯಲ್ಲಿಯೇ ಚಿತ್ರಿಸುವ ಕಲೆಗೆ ನೂರು ವರ್ಷಗಳಿಗೂ ಮೀರಿದ ಇತಿಹಾಸವುಂಟು. ಇಂಗ್ಲೆಂಡಿನ ರಿಚರ್ಡ್ ಕೀರ್ಟನ್ ಮತ್ತು ಚೆರಿ ಕೀರ್ಟನ್ ಎಂಬ ಸೋದರರು 1892ರಲ್ಲಿ ಮೊಟ್ಟೆಗಳಿದ್ದ ಹಕ್ಕಿಯ ಗೂಡೊಂದರ ಛಾಯಾಚಿತ್ರವನ್ನು ತೆಗೆದರು. ಹಕ್ಕಿಗಳು ಬೆದರದಿರಲೆಂದು ಅವರು ಎತ್ತಿನ ತೊಗಲಿನಿಂದ ಟೊಳ್ಳಾದ ಎತ್ತೊಂದನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾ ಸಮೇತ ಅಡಗಿ ನಿಲ್ಲುತ್ತಿದ್ದರು. ನಮ್ಮ ದೇಶದಲ್ಲಿ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಎಂಬವರು ಕಾಡಿನ ಹಾದಿಗೆ ಅಡ್ಡಲಾಗಿ ತಂತಿಯನ್ನು ಕಟ್ಟಿ, ಅದನ್ನು ತಾಕಿದ ಹುಲಿಯು ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಂತೆ ಮಾಡಿದರು. ಅವರ ಹುಲಿಚಿತ್ರಗಳ ಪುಸ್ತಕವು 1927ರಲ್ಲಿ ಪ್ರಕಟವಾಯಿತು. ಹುಲಿಯನ್ನು ಕೊಂದು ಅದರ ಮೇಲೆ ಕಾಲಿಟ್ಟು ನಿಲ್ಲುವುದೇ ಪರಾಕ್ರಮವೆನಿಸಿದ್ದ ಕಾಲವದು. ಕೋವಿಯನ್ನು ಬಿಟ್ಟು ಕ್ಯಾಮೆರಾವನ್ನು ಹಿಡಿಯಬಹುದೆಂದು ಚಾಂಪಿಯನ್ ತೋರಿಸಿಕೊಟ್ಟರು. ಕರ್ನಾಟಕದಲ್ಲಿಯೂ ಸಂಡೂರಿನ ಎಂ. ವೈ. ಘೋರ್ಪಡೆ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರು ಈ ಕಲೆಯಲ್ಲಿ ದೊಡ್ಡ ಹೆಸರು ಗಳಿಸಿದರು. ಕಾದಂಬರಿಕಾರ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದ ಹಕ್ಕಿಗಳ ಚಿತ್ರಗಳನ್ನು ತೆಗೆಯುತ್ತ ಗಂಟೆಗಟ್ಟಲೆ ಕಾದು ಕುಳಿತಿರುತ್ತಿದ್ದರು.

ಈ ಕಲೆಯನ್ನು ಅಭ್ಯಾಸ ಮಾಡಲು ದೂರದ ದಟ್ಟಡವಿಗೇ ಹೋಗಬೇಕೆಂದಿಲ್ಲ. ಕಾರವಾರದಿಂದ ಉಳ್ಳಾಲದವರೆಗೆ ಚಾಚಿರುವ ನಮ್ಮ ಕರಾವಳಿಯೇ ಒಂದು ತೆರೆದ ಪಾಠಶಾಲೆ. ಉತ್ತರ ಕನ್ನಡ ಜಿಲ್ಲೆಯ ಕುಮಟೆಯ ಬಳಿ ಸಮುದ್ರವನ್ನು ಸೇರುವ ಅಘನಾಶಿನಿ ನದಿಯ ಅಳಿವೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸಹ್ಯಾದ್ರಿಯಿಂದ ಅಣೆಕಟ್ಟಿನ ಅಡ್ಡಿಯಿಲ್ಲದೆ ಇಳಿದುಬರುವ ಈ ನದಿಯ ಸಿಹಿನೀರು, ಕಡಲಿನ ಉಪ್ಪುನೀರಿನೊಡನೆ ಇಲ್ಲಿ ದಿನಕ್ಕೆ ಎರಡು ಬಾರಿ ಬೆರೆಯುತ್ತದೆ. ಇಳಿತದ ವೇಳೆಯಲ್ಲಿ ವಿಶಾಲವಾದ ಕೆಸರುಬಯಲು ತೆರೆದುಕೊಳ್ಳುತ್ತದೆ. ದಡದಲ್ಲಿ ಕಾಂಡ್ಲಾ ಗಿಡಗಳು ಬೇರುಗಳನ್ನು ಹೊರಚಾಚಿ ನಿಂತಿರುತ್ತವೆ. ಕೆಸರಿನೊಳಗಿನ ಚಿಪ್ಪುಮೀನುಗಳನ್ನು ಹೆಕ್ಕಿ ಬದುಕುವ ಕುಟುಂಬಗಳು ಅನೇಕ. ಅದೇ ಕೆಸರಿನಲ್ಲಿ ಹುಳುಹುಪ್ಪಟೆ, ಏಡಿಗಳನ್ನು ಹುಡುಕುವ ಹಕ್ಕಿಗಳು ಅಸಂಖ್ಯ. ಇದರ ಮಹತ್ವವನ್ನು ಮನಗಂಡು 2024ರಲ್ಲಿ ಈ ಅಳಿವೆಯನ್ನು ಅಂತರರಾಷ್ಟ್ರೀಯ ಪ್ರಾಮುಖ್ಯವುಳ್ಳ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೆ ಸೇರಿಸಲಾಯಿತು.

ಬೇಸಿಗೆಯ ಮೊದಲ ದಿನಗಳೇ ಏಕೆ ಎಂದು ನೀವು ಕೇಳಬಹುದು. ಚಳಿಗಾಲವನ್ನು ಕಳೆಯಲು ಹಿಮಾಲಯದಾಚೆಯಿಂದಲೂ ಸೈಬೀರಿಯದಿಂದಲೂ ಬಂದ ಹಕ್ಕಿಗಳು ಮಾರ್ಚ್ ತಿಂಗಳಲ್ಲಿ ಮರುಪ್ರಯಾಣಕ್ಕೆ ಸಿದ್ಧವಾಗುತ್ತವೆ. ಸಾವಿರಾರು ಮೈಲಿ ಹಾರಲು ಬೇಕಾದ ಕೊಬ್ಬನ್ನು ಮೈಯಲ್ಲಿ ತುಂಬಿಕೊಳ್ಳಲೆಂದು ಅವು ಎಡೆಬಿಡದೆ ಮೇಯುತ್ತವೆ. ಇದೇ ಸಮಯದಲ್ಲಿ ಅವುಗಳ ಉಡುಪೂ ಬದಲಾಗುತ್ತದೆ. ಚಳಿಗಾಲವಿಡೀ ಬಿಳಿಯ ತಲೆಯಿದ್ದ ಕಡಲಕ್ಕಿಗಳು ಕಂದು ಬಣ್ಣದ ಕುಲಾವಿಯನ್ನು ತೊಟ್ಟಂತೆ ಕಾಣುತ್ತವೆ. ಮಾಸಲು ಬಣ್ಣದ ಸಣ್ಣ ಮರಳುಗೊರವಗಳ ಎದೆಯ ಮೇಲೆ ಇಟ್ಟಿಗೆಗೆಂಪು ಮೂಡುತ್ತದೆ. ಏಪ್ರಿಲ್ ಮುಗಿಯುವುದರೊಳಗೆ ಇವುಗಳಲ್ಲಿ ಬಹುಪಾಲು ಹೊರಟುಹೋಗಿರುತ್ತವೆ. ಆ ಹೊತ್ತಿಗೆ ಗಾಳಿಯಲ್ಲಿಯೂ ಧಗೆ ತುಂಬಿ ದೂರದ ನೋಟ ಮಬ್ಬಾಗುತ್ತದೆ. ಆದುದರಿಂದ ಬಣ್ಣ ಬಂದಿರುವ, ಹಕ್ಕಿಗಳು ಇನ್ನೂ ಇರುವ ಈ ಕೆಲವೇ ವಾರಗಳು ಚಿತ್ರಕಾರನಿಗೆ ಅಮೂಲ್ಯವಾದುವು.

ಛಾಯಾಚಿತ್ರವೆಂಬುದು ಬೆಳಕಿನ ಕೃಷಿ. ಬೆಳಕು ಹೇಗಿದೆಯೋ ಫಲವೂ ಹಾಗೆಯೇ. ಮಧ್ಯಾಹ್ನದ ಸೂರ್ಯನು ನೆತ್ತಿಯ ಮೇಲಿರುವಾಗ ಹಕ್ಕಿಯ ಬೆನ್ನು ಬೆಳ್ಳಗೆ ಸುಟ್ಟಂತಾಗಿ ಹೊಟ್ಟೆ ಕಪ್ಪಾಗುತ್ತದೆ, ಕಣ್ಣು ಕಾಣುವುದೇ ಇಲ್ಲ. ಬೆಳಗಿನ ಮತ್ತು ಸಂಜೆಯ ಬೆಳಕು ಓರೆಯಾಗಿ, ವಾತಾವರಣದ ಹೆಚ್ಚು ದೂರವನ್ನು ಹಾದುಬರುತ್ತದೆ. ಹಾದಿಯಲ್ಲಿ ಅದರ ನೀಲಿಯ ಭಾಗವು ಚದರಿಹೋಗಿ ಕೆಂಪು ಹಳದಿಗಳು ಉಳಿಯುವುದರಿಂದ ಆ ಬೆಳಕು ಮೃದುವಾಗಿಯೂ ಹೊಂಬಣ್ಣದ್ದಾಗಿಯೂ ಇರುತ್ತದೆ. ನಮ್ಮ ಕರಾವಳಿಗೆ ಇನ್ನೊಂದು ವಿಶೇಷವುಂಟು. ಇಲ್ಲಿ ಕಡಲು ಪಶ್ಚಿಮಕ್ಕಿದೆ, ಬೆಟ್ಟಗಳು ಪೂರ್ವಕ್ಕಿವೆ. ಬೆಳಿಗ್ಗೆ ಸಮುದ್ರದ ಕಡೆಗೆ ಮುಖಮಾಡಿ ನಿಂತವನ ಬೆನ್ನಹಿಂದೆ ಸೂರ್ಯನಿರುತ್ತಾನೆ. ಆಗ ನೀರಿನಂಚಿನ ಹಕ್ಕಿಗಳ ಒಂದೊಂದು ಗರಿಯೂ ಸ್ಪಷ್ಟವಾಗಿ ತೋರುತ್ತದೆ. ಸಂಜೆ ಅದೇ ಜಾಗದಲ್ಲಿ ನಿಂತರೆ ಸೂರ್ಯನು ಎದುರಿಗಿರುತ್ತಾನೆ. ಆಗ ದೋಣಿ, ತೆಂಗಿನಮರ, ಬಲೆಯೆಳೆಯುವ ಜನ ಎಲ್ಲವೂ ಬಂಗಾರದ ಹಲಗೆಯ ಮೇಲೆ ಬರೆದ ಕಪ್ಪು ಆಕೃತಿಗಳಾಗುತ್ತವೆ. ಹಕ್ಕಿಗಳಿಗೆ ಬೆಳಗು, ದೃಶ್ಯಗಳಿಗೆ ಸಂಜೆ ಎಂಬುದನ್ನು ಪ್ರಾರಂಭಿಕರು ನೆನಪಿಡುವುದು ಒಳ್ಳೆಯದು.

ಬೆಳಕಿನಂತೆಯೇ ನೀರಿನ ಲೆಕ್ಕವನ್ನೂ ತಿಳಿದಿರಬೇಕು. ಚಂದ್ರನ ಆಕರ್ಷಣೆಯಿಂದ ಉಂಟಾಗುವ ಉಬ್ಬರವಿಳಿತಗಳಲ್ಲಿ ಒಂದು ಉಬ್ಬರಕ್ಕೂ ಅದರ ನಂತರದ ಇಳಿತಕ್ಕೂ ಸುಮಾರು 6 ಗಂಟೆ 12 ನಿಮಿಷಗಳ ಅಂತರವಿರುತ್ತದೆ. ಇಂದು ಬೆಳಿಗ್ಗೆ 7 ಗಂಟೆಗೆ ಇಳಿತವಾದರೆ ನಾಳೆ ಅದು ಸುಮಾರು 50 ನಿಮಿಷ ತಡವಾಗಿ ಆಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಸಮಯದಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಇಳಿತದಲ್ಲಿ ಹಕ್ಕಿಗಳು ದೂರದ ಕೆಸರಿನಲ್ಲೆಲ್ಲ ಚದರಿರುತ್ತವೆ. ನೀರು ಏರತೊಡಗಿದಂತೆ ಅವು ತಾವಾಗಿಯೇ ದಡದತ್ತ ಸರಿಯುತ್ತವೆ. ಆದುದರಿಂದ ಜಾಣನಾದವನು ಹಕ್ಕಿಗಳ ಹಿಂದೆ ಓಡುವುದಿಲ್ಲ. ಉಬ್ಬರಕ್ಕೆ ಮೊದಲೇ ಸರಿಯಾದ ಜಾಗದಲ್ಲಿ ಕುಳಿತಿದ್ದು, ಸಮುದ್ರವೇ ಅವುಗಳನ್ನು ತನ್ನ ಬಳಿಗೆ ತರುವವರೆಗೆ ಕಾಯುತ್ತಾನೆ. ಈ ಲೆಕ್ಕವನ್ನರಿಯದೆ ಕೆಸರಿನ ನಡುವೆ ನಡೆದುಹೋದವನು ಏರುವ ನೀರಿನಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ಉಂಟು. ಹೊಸ ಜಾಗದಲ್ಲಿ ನೀರಿಗಿಳಿಯುವ ಮೊದಲು ಅಲ್ಲಿನ ಮೀನುಗಾರರನ್ನು ಕೇಳಿಕೊಳ್ಳಬೇಕು.

ಇನ್ನು ಕ್ಯಾಮೆರಾದ ವಿಷಯ. ಹಿಂದೆ ಫಿಲ್ಮಿನ ಒಂದು ಸುರುಳಿಯಲ್ಲಿ 36 ಚಿತ್ರಗಳನ್ನಷ್ಟೇ ತೆಗೆಯಬಹುದಾಗಿತ್ತು. ಇಂದಿನ ಕ್ಯಾಮೆರಾಗಳಲ್ಲಿ ಫಿಲ್ಮಿಗೆ ಬದಲಾಗಿ ಬೆಳಕನ್ನು ಗ್ರಹಿಸುವ ವಿದ್ಯುನ್ಮಾನ ಫಲಕವಿದೆ. ಮೊಬೈಲ್ ಫೋನುಗಳಲ್ಲಿಯೂ ಅದೇ ಇದೆ. ಸಾಧನ ಯಾವುದಾದರೂ ತತ್ತ್ವ ಒಂದೇ. ಮಸೂರದ ಹಿಂದಿನ ದ್ಯುತಿರಂಧ್ರವು ಎಷ್ಟು ಬೆಳಕನ್ನು ಬಿಡಬೇಕೆಂಬುದನ್ನೂ, ಷಟರ್ ಎಂಬ ಕದವು ಎಷ್ಟು ಹೊತ್ತು ಬಿಡಬೇಕೆಂಬುದನ್ನೂ ನಿರ್ಧರಿಸುತ್ತವೆ. ರಂಧ್ರದ ಅಳತೆಯನ್ನು ಎಫ್ ಅಂಕೆಯಿಂದ ಸೂಚಿಸುತ್ತಾರೆ. ಅಂಕೆ ದೊಡ್ಡದಾದಷ್ಟೂ ರಂಧ್ರ ಕಿರಿದಾಗುತ್ತದೆ. ಎಫ್ 4ರಿಂದ ಎಫ್ 8ಕ್ಕೆ ಸರಿದರೆ ಒಳಬರುವ ಬೆಳಕು ನಾಲ್ಕರಲ್ಲೊಂದು ಪಾಲಾಗುತ್ತದೆ. ಆದರೆ ರಂಧ್ರ ಕಿರಿದಾದಾಗ ಹತ್ತಿರದ ಬಂಡೆಯಿಂದ ದೂರದ ಬಾನಂಚಿನವರೆಗೆ ಎಲ್ಲವೂ ಸ್ಪಷ್ಟವಾಗಿ ಮೂಡುವುದರಿಂದ ದೃಶ್ಯಗಳಿಗೆ ಅದು ಅನುಕೂಲ.

ಷಟರಿನ ವೇಗದ ಪ್ರಾಮುಖ್ಯವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹಾರುವ ಹಕ್ಕಿಯೊಂದನ್ನು ಊಹಿಸಿರಿ. ಅದು ಸೆಕೆಂಡಿಗೆ 10 ಮೀಟರ್ ಚಲಿಸುತ್ತದೆ. ಷಟರು ಸೆಕೆಂಡಿನ ಅರುವತ್ತನೆಯ ಒಂದು ಭಾಗದಷ್ಟು ಹೊತ್ತು ತೆರೆದಿದ್ದರೆ ಅಷ್ಟರಲ್ಲಿ ಹಕ್ಕಿಯು ಸುಮಾರು 17 ಸೆಂಟಿಮೀಟರ್ ಮುಂದೆ ಸರಿದಿರುತ್ತದೆ. ಚಿತ್ರದಲ್ಲಿ ನಮಗೆ ದೊರೆಯುವುದು ಹಕ್ಕಿಯಲ್ಲ, ಮಸಕಾದ ಗೀಟು. ಸಾವಿರದ ಒಂದು ಭಾಗವಾದರೆ ಅದು ಸರಿಯುವುದು 1 ಸೆಂಟಿಮೀಟರ್ ಮಾತ್ರ, ರೆಕ್ಕೆಯ ಗರಿಗಳನ್ನು ಎಣಿಸಬಹುದು. ಕೆಲವೊಮ್ಮೆ ಇದಕ್ಕೆ ವಿರುದ್ಧವಾದುದೇ ಸೊಗಸು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಭದ್ರವಾಗಿ ನಿಲ್ಲಿಸಿ, ಸಂಜೆಯ ಮಂದಬೆಳಕಿನಲ್ಲಿ ಷಟರನ್ನು ಒಂದೆರಡು ಸೆಕೆಂಡು ತೆರೆದಿಟ್ಟರೆ, ಬಂಡೆಗೆ ಬಡಿಯುವ ಅಲೆಗಳು ಮಂಜಿನಂತೆ ಮೂಡುತ್ತವೆ.

ಕಡಲತಡಿಯಲ್ಲಿ ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪೊಂದಿದೆ. ಬಿಳಿಯ ಮರಳು, ಹೊಳೆಯುವ ನೊರೆಗಳ ಚಿತ್ರವು ಕೊಳಕು ಬೂದಿಬಣ್ಣಕ್ಕೆ ಬರುತ್ತದೆ. ಕ್ಯಾಮೆರಾದ ಬೆಳಕಿನ ಮಾಪಕವು ತನ್ನೆದುರಿನದೆಲ್ಲವೂ ಒಟ್ಟಿನಲ್ಲಿ ಮಧ್ಯಮ ಬೂದಿಬಣ್ಣದ್ದೆಂದು ಭಾವಿಸುವುದೇ ಇದಕ್ಕೆ ಕಾರಣ. ಎಲ್ಲವೂ ಬೆಳ್ಳಗಿರುವಾಗ ಅದು ಬೆಳಕು ಹೆಚ್ಚಾಯಿತೆಂದು ಬಗೆದು ಕಡಿಮೆ ಮಾಡುತ್ತದೆ. ಅಲ್ಲಿ ನಾವೇ ಬೆಳಕನ್ನು ಕೊಂಚ ಹೆಚ್ಚಿಸಬೇಕು. ಆದರೆ ಕಪ್ಪು ಕಾಂಡ್ಲಾ ಬೇರುಗಳ ಮುಂದೆ ಬೆಳ್ಳಕ್ಕಿಯೊಂದು ನಿಂತಿದ್ದರೆ ಬೆಳಕನ್ನು ತಗ್ಗಿಸಬೇಕು. ಇಲ್ಲವಾದರೆ ಹಕ್ಕಿಯು ಗರಿಗಳೇ ಇಲ್ಲದ ಬಿಳಿಯ ಮಚ್ಚೆಯಾಗುತ್ತದೆ. ಯಂತ್ರವು ಅಳೆಯಬಲ್ಲುದು, ಅರ್ಥಮಾಡಿಕೊಳ್ಳಬೇಕಾದವನು ಮನುಷ್ಯ.

ದೃಶ್ಯಚಿತ್ರಗಳಿಗೆ ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳು ಒಳ್ಳೆಯ ಉದಾಹರಣೆ. ಅಲ್ಲಿನ ಬಂಡೆಗಳು ಯಾರೋ ಶಿಲ್ಪಿ ಕಡೆದು ಒತ್ತಾಗಿ ಜೋಡಿಸಿದ ಕಂಬಗಳಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾರಸವು ತಣ್ಣಗಾಗುತ್ತ ಕುಗ್ಗಿ, ಬಿರುಕುಬಿಟ್ಟು, ಹೀಗೆ ಬಹುಮುಖದ ಕಂಬಗಳಾಯಿತು. ಇಂತಹ ದೃಶ್ಯವನ್ನು ಚಿತ್ರಿಸುವಾಗ ಬಾನಂಚಿನ ಗೆರೆ ಓರೆಯಾಗದಂತೆ ನೋಡಿಕೊಳ್ಳಬೇಕು. ಓರೆಯಾದರೆ ಸಮುದ್ರವೇ ಒಂದು ಕಡೆಗೆ ಚೆಲ್ಲಿಹೋಗುವಂತೆ ತೋರುತ್ತದೆ. ಆ ಗೆರೆಯು ಚಿತ್ರದ ನಟ್ಟನಡುವೆ ಬರುವುದಕ್ಕಿಂತ, ಬಂಡೆಗಳು ಮುಖ್ಯವಾದಾಗ ಮೇಲಿನ ಮೂರನೆಯ ಒಂದು ಭಾಗದಲ್ಲಿಯೂ, ಮೋಡಗಳು ಮುಖ್ಯವಾದಾಗ ಕೆಳಗಿನ ಮೂರನೆಯ ಒಂದು ಭಾಗದಲ್ಲಿಯೂ ಇದ್ದರೆ ಚೆನ್ನ. ಬಂಡೆಯ ಪಕ್ಕದಲ್ಲಿ ಒಬ್ಬ ಮನುಷ್ಯನೋ ಒಂದು ದೋಣಿಯೋ ಇದ್ದರೆ ನೋಡುವವರಿಗೆ ಅದರ ಗಾತ್ರವು ತಿಳಿಯುತ್ತದೆ.

ಪ್ರಾಣಿಗಳ ಚಿತ್ರಕ್ಕೆ ಮೊದಲ ಪಾಠ ತಗ್ಗುವುದು. ನಿಂತು ತೆಗೆದ ಏಡಿಯ ಚಿತ್ರದಲ್ಲಿ ಅದರ ಬೆನ್ನಷ್ಟೇ ಕಾಣುತ್ತದೆ. ಮರಳಿನ ಮೇಲೆ ಮಲಗಿ, ಅದರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾವನ್ನು ಇಳಿಸಿದರೆ, ಬಿಲದ ಬಾಯಲ್ಲಿ ಕಣ್ಣುಗಳನ್ನು ಕಡ್ಡಿಯಂತೆ ಎತ್ತಿ ನಿಂತ ಏಡಿಯು ಒಂದು ವ್ಯಕ್ತಿಯೇ ಆಗುತ್ತದೆ. ಎರಡನೆಯ ಪಾಠ ತಾಳ್ಮೆ. ಏಡಿಯು ನೆಲದ ಸಣ್ಣ ಅದುರನ್ನೂ ಗುರುತಿಸಿ ಬಿಲಕ್ಕೆ ಜಾರುತ್ತದೆ. ಅಲುಗದೆ ಕುಳಿತವನೆದುರಿಗೆ ಮತ್ತೆ ಹೊರಬರುತ್ತದೆ. ಮೂರನೆಯದು ದೂರ. 400 ಮಿಲಿಮೀಟರಿನ ಉದ್ದಮಸೂರವು 50 ಮಿಲಿಮೀಟರಿನ ಸಾಧಾರಣ ಮಸೂರಕ್ಕಿಂತ ಎಂಟರಷ್ಟು ದೊಡ್ಡ ಬಿಂಬವನ್ನು ಕೊಡುತ್ತದೆ. ಅಂತಹ ಮಸೂರವಿಲ್ಲದವರು ಪ್ರಾಣಿಯ ಹತ್ತಿರ ಹತ್ತಿರಕ್ಕೆ ಹೋಗಲು ಆಸೆಪಡುತ್ತಾರೆ. ಈ ಆಸೆಯಿಂದಲೇ ಅನೇಕ ಅನಾಹುತಗಳು ಆಗುತ್ತವೆ. ಅಂತಹುದೊಂದು ನನ್ನಿಂದಲೇ ಆಯಿತು.

ಬಹಳ ವರ್ಷಗಳ ಹಿಂದಿನ ಮಾತು. ನಾನೂ ನನ್ನ ಗೆಳೆಯನೂ ಮಾರ್ಚ್ ತಿಂಗಳ ಕೊನೆಯಲ್ಲಿ ಅಘನಾಶಿನಿಯ ದಡದಲ್ಲಿ ಅಲೆಯುತ್ತಿದ್ದೆವು. ನೀರಿನಿಂದ ಕೊಂಚ ಮೇಲಿನ ಬರಿನೆಲದಲ್ಲಿ, ಸಣ್ಣ ಕಲ್ಲುಗಳ ನಡುವೆ ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆಗಳು ಕಣ್ಣಿಗೆ ಬಿದ್ದುವು. ಟಿಟ್ಟಿಭವು ಗೂಡು ಕಟ್ಟುವುದಿಲ್ಲ. ನೆಲದ ಸಣ್ಣ ಗುಳಿಯಲ್ಲಿ, ಕಲ್ಲುಮಣ್ಣಿನದೇ ಬಣ್ಣದ ಮೊಟ್ಟೆಗಳನ್ನಿಡುತ್ತದೆ. ನನ್ನಲ್ಲಿದ್ದುದು ಸಾಧಾರಣ ಮಸೂರ. ಹಕ್ಕಿಯು ಕಾವಿಗೆ ಕೂರುವ ಚಿತ್ರ ಬೇಕೆಂಬ ಹಂಬಲದಿಂದ ಗೂಡಿಗೆ ನಾಲ್ಕೈದು ಹೆಜ್ಜೆ ದೂರದಲ್ಲಿಯೇ ಕುಳಿತೆ. ಹಕ್ಕಿಗಳೆರಡೂ ತಲೆಯ ಮೇಲೆ ಸುತ್ತುತ್ತ ಕೂಗಿಕೊಂಡುವು. ‘ಸ್ವಲ್ಪ ಹೊತ್ತಾದರೆ ಅಭ್ಯಾಸವಾಗುತ್ತದೆ’ ಎಂದು ಗೆಳೆಯನಿಗೆ ಹೇಳಿದೆ. ಅರ್ಧ ಗಂಟೆ ಕಳೆಯಿತು. ಬಿಸಿಲು ನೆತ್ತಿಗೇರಿತು. ಹತ್ತಿರದ ತೆಂಗಿನಮರಕ್ಕೆ ಎರಡು ಕಾಗೆಗಳು ಬಂದು ಕುಳಿತು ನಮ್ಮನ್ನೇ ನೋಡತೊಡಗಿದುವು.

ಚಿಪ್ಪುಗಳ ಬುಟ್ಟಿಯನ್ನು ಹೊತ್ತು ಕೆಸರಿನಿಂದ ಬರುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನು ಕಂಡು ನಿಂತಳು.

“ಏನು ಮಾಡ್ತಾ ಇದ್ದೀಯೋ ತಮಾ?” ಎಂದಳು.

“ಹಕ್ಕಿ ಬಂದು ಕೂತುಕೊಳ್ಳಲಿ ಅಂತ ಕಾಯ್ತಾ ಇದ್ದೇನೆ, ಅಮ್ಮ” ಎಂದೆ.

“ನೀನು ಕೂತದ್ದು ಅದರ ಮನೆ ಬಾಗಿಲಲ್ಲಿ. ನೀನು ಏಳದೆ ಅದು ಒಳಗೆ ಹೋಗೋದು ಹೇಗೆ? ನೆಲ ಮುಟ್ಟಿ ನೋಡು, ಹೆಂಚಿನ ಹಾಗೆ ಕಾದಿದೆ.”

ನಾನು ನೆಲವನ್ನು ಮುಟ್ಟಿದೆ. ಅಂಗೈ ಸುಟ್ಟಿತು. ಕಾವು ಕೊಡುವುದೆಂದರೆ ಮೊಟ್ಟೆಯನ್ನು ಬೆಚ್ಚಗಿಡುವುದೆಂದಷ್ಟೇ ನಾನು ಓದಿದ್ದೆ. ಬೇಸಿಗೆಯ ನಡುಹಗಲಿನಲ್ಲಿ ಹಕ್ಕಿಯು ಮೊಟ್ಟೆಯ ಮೇಲೆ ಕೂರುವುದು ಅದನ್ನು ಬಿಸಿಲಿನಿಂದ ಕಾಪಾಡಲು ಎಂಬುದು ಆ ಕ್ಷಣದಲ್ಲಿ ಹೊಳೆಯಿತು. ನಾವು ಕೂಡಲೇ ಎದ್ದು, ದೂರದಲ್ಲಿ ಬೋರಲುಹಾಕಿದ್ದ ದೋಣಿಯ ಮರೆಗೆ ಹೋದೆವು. ದುರ್ಬೀನಿನಲ್ಲಿ ನೋಡುತ್ತಿದ್ದಂತೆ ಹಕ್ಕಿಗಳಲ್ಲಿ ಒಂದು ನೇರವಾಗಿ ಮೊಟ್ಟೆಗಳ ಬಳಿಗೆ ಓಡಿತು. ಇನ್ನೊಂದು ನೀರಿನಂಚಿಗೆ ಹೋಗಿ, ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ಅದ್ದಿ ಅದ್ದಿ ತೋಯಿಸಿಕೊಂಡು ಬಂದು, ಮೊದಲಿನದನ್ನು ಎಬ್ಬಿಸಿ ತಾನು ಕುಳಿತಿತು. ಒದ್ದೆಗರಿಗಳಿಂದ ಮೊಟ್ಟೆಗಳನ್ನು ತಂಪುಮಾಡುವ ಈ ಉಪಾಯವನ್ನು ಪಕ್ಷಿವಿಜ್ಞಾನಿಗಳು ದಾಖಲಿಸಿದ್ದಾರೆ. ನಾನು ಅದನ್ನು ಕಣ್ಣಾರೆ ಕಂಡೆ. ಆದರೆ ಅದಕ್ಕೆ ಮೊದಲಿನ ಅರ್ಧ ಗಂಟೆ ಆ ತಂಪಿಗೆ ಅಡ್ಡವಾಗಿ ಕುಳಿತಿದ್ದವನು ನಾನೇ. ಮೊಟ್ಟೆಗಳು ಮರಿಯಾದುವೋ ಇಲ್ಲವೋ ಎಂದು ತಿಳಿಯುವ ತವಕ ಬಹಳ ದಿನ ಕಾಡಿತು. ಆದರೂ ಮತ್ತೆ ಅತ್ತ ಸುಳಿಯಲಿಲ್ಲ. ಹೋಗದಿರುವುದೇ ನಾನು ತೆರಬಹುದಾಗಿದ್ದ ದಂಡವೆಂದುಕೊಂಡೆ.

ಆ ದಿನದಿಂದ ಕೆಲವು ನಿಯಮಗಳನ್ನು ತಪ್ಪದೆ ಪಾಲಿಸುತ್ತ ಬಂದಿದ್ದೇನೆ. ಕಾವಿಗೆ ಕುಳಿತ ಹಕ್ಕಿಯನ್ನು ಚಿತ್ರಕ್ಕಾಗಿ ಎಬ್ಬಿಸಬಾರದು. ನಮ್ಮನ್ನು ಕಂಡು ಹಕ್ಕಿಯು ಮೇಯುವುದನ್ನು ನಿಲ್ಲಿಸಿ ಕತ್ತೆತ್ತಿ ನೋಡಿದರೆ, ನಾವು ಆಗಲೇ ಬಹಳ ಹತ್ತಿರ ಬಂದಿದ್ದೇವೆಂದು ಅರ್ಥ. ಅಲ್ಲಿಂದ ಹಿಂದೆ ಸರಿಯಬೇಕು. ಮೇಯುತ್ತಿರುವ ಗುಂಪನ್ನು ಹಾರುವ ಚಿತ್ರಕ್ಕಾಗಿ ಬೆದರಿಸಬಾರದು. ದೂರಪ್ರಯಾಣಕ್ಕೆ ಕೂಡಿಡಬೇಕಾದ ಶಕ್ತಿಯನ್ನು ಅವು ನಮ್ಮ ವಿನೋದಕ್ಕಾಗಿ ವ್ಯಯಮಾಡಬೇಕಾಗುತ್ತದೆ. ಗೂಡಿರುವ ಸ್ಥಳವನ್ನು ಎಲ್ಲರಿಗೂ ಸಾರಬಾರದು. ನಾವು ಮತ್ತೆಮತ್ತೆ ನಡೆದ ದಾರಿಯನ್ನು ಕಾಗೆಗಳೂ ನಾಯಿಗಳೂ ಗಮನಿಸುತ್ತಿರುತ್ತವೆ.

ಕಡಲಾಮೆಗಳ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚಾಗಿರಬೇಕು. ಚಳಿಗಾಲದಲ್ಲಿ ನಮ್ಮ ಕರಾವಳಿಯ ಮರಳಿಗೆ ಬಂದು ಮೊಟ್ಟೆಯಿಡುವ ಆಲಿವ್ ರಿಡ್ಲೆ ಆಮೆಗಳ ಮರಿಗಳು ಒಂದೂವರೆ ಎರಡು ತಿಂಗಳ ತರುವಾಯ, ಸಾಮಾನ್ಯವಾಗಿ ರಾತ್ರಿಯಲ್ಲಿ, ಹೊರಬರುತ್ತವೆ. ಕಡಲಿನ ಮೇಲಿನ ಬಾನಿನ ತೆಳುಬೆಳಕೇ ಅವುಗಳಿಗೆ ದಾರಿದೀಪ. ಆಗ ಯಾರಾದರೂ ಕ್ಯಾಮೆರಾದ ಮಿಂಚುದೀಪವನ್ನೋ ಟಾರ್ಚನ್ನೋ ಬೆಳಗಿದರೆ ಮರಿಗಳು ದಿಕ್ಕುತಪ್ಪಿ ನೆಲದ ಕಡೆಗೆ ತೆವಳುತ್ತವೆ. ಬೆಳಗಾದಾಗ ಕಾಗೆ, ನಾಯಿಗಳಿಗೆ ಆಹಾರವಾಗುತ್ತವೆ. ಈ ಆಮೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ರಕ್ಷಣೆಯಿದೆ. ಆದರೆ ಕತ್ತಲಿನ ಮರಳದಂಡೆಯಲ್ಲಿ ಕಾಯಿದೆಯು ಕಾವಲು ನಿಂತಿರುವುದಿಲ್ಲ. ಅಲ್ಲಿರುವುದು ನಮ್ಮ ವಿವೇಕ ಮಾತ್ರ.

ಕ್ಯಾಮೆರಾಕ್ಕೂ ಕಡಲತಡಿ ಕಷ್ಟದ ಜಾಗವೇ. ಉಪ್ಪಿನ ಹನಿಗಳು ಲೋಹವನ್ನು ತಿನ್ನುತ್ತವೆ, ಮರಳಿನ ಕಣವು ಮಸೂರವನ್ನು ಗೀರುತ್ತದೆ. ಗಾಳಿ ಬೀಸುವಾಗ ಮಸೂರವನ್ನು ಬದಲಾಯಿಸಬಾರದು. ಮನೆಗೆ ಬಂದೊಡನೆ ಮೊದಲು ಮೆತ್ತನೆಯ ಕುಂಚದಿಂದ ಮರಳನ್ನು ಹಾರಿಸಿ, ಆಮೇಲೆ ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಹೊರಮೈಯನ್ನು ಒರಸಿ ಒಣಗಿಸಬೇಕು. ಇದರೊಡನೆ ಒಂದು ಟಿಪ್ಪಣಿ ಪುಸ್ತಕವಿರಲಿ. ದಿನಾಂಕ, ವೇಳೆ, ಸ್ಥಳ, ಉಬ್ಬರವೋ ಇಳಿತವೋ, ಪ್ರಾಣಿಯು ಏನು ಮಾಡುತ್ತಿತ್ತು ಎಂಬುದನ್ನು ಬರೆದಿಟ್ಟರೆ ಚಿತ್ರವು ಕೇವಲ ಅಲಂಕಾರವಾಗದೆ ಒಂದು ದಾಖಲೆಯಾಗುತ್ತದೆ. ಯಾವ ಹಕ್ಕಿ ಯಾವ ವರ್ಷ ಎಂದು ಬಂದಿತು, ಎಂದು ಹೋಯಿತು, ಯಾವ ದಡ ಎಷ್ಟು ಕೊರೆದುಹೋಯಿತು ಎಂಬುದನ್ನು ಮುಂದಿನವರು ಅದರಿಂದ ತಿಳಿಯಬಹುದು.

ನನ್ನ ಮನೆಯ ಗೋಡೆಯ ಮೇಲೆ ಆ ದಿನದ ಚಿತ್ರವೊಂದಿದೆ. ದೋಣಿಯ ಮರೆಯಿಂದ ತೆಗೆದದ್ದು. ಅಗಲವಾದ ನದಿ, ಬಿಸಿಲಿಗೆ ಹೊಳೆಯುವ ಕೆಸರು, ದೂರದಲ್ಲಿ ಬುಟ್ಟಿ ಹೊತ್ತು ನಡೆಯುತ್ತಿರುವ ಮುದುಕಿ. ಬಂದವರು, “ಇದರಲ್ಲಿ ವಿಶೇಷವೇನಿದೆ?” ಎಂದು ಕೇಳುತ್ತಾರೆ. ಆಗ ನಾನು ಚಿತ್ರದ ಎಡಗಡೆಯಲ್ಲಿ, ಕಲ್ಲುಗಳ ನಡುವೆ, ಸಾಸಿವೆಯಷ್ಟು ಕಾಣುವ ಕಪ್ಪು ಚುಕ್ಕೆಯೊಂದನ್ನು ಬೆರಳಿಟ್ಟು ತೋರಿಸುತ್ತೇನೆ. ಅದು ತನ್ನ ಮೊಟ್ಟೆಗಳ ಮೇಲೆ ಕುಳಿತಿರುವ ಟಿಟ್ಟಿಭ. ಅದರ ಕಣ್ಣು ಕಾಣದು, ಗರಿ ಕಾಣದು. ಆದರೆ ಅದು ತನ್ನ ಮನೆಯಲ್ಲಿದೆ.